ಪೋರ್ಟ್‌ಫೋಲಿಯೋ ಕೋರ್ಸ್ ರಿವ್ಯೂ: ಮೂರು ಸಬ್ಜೆಕ್ಟ್ ಕೇಳ್ದೆ, ಎರಡು ಸಿಕ್ತು

ಮೊದ್ಲೇ ರಿಸಲ್ಟ್ ಹೇಳ್ಬಿಡ್ತೀನಿ, ಮಿಕ್ಕಿದ್ದು ಆಮೇಲೆ. ಕೆಲಸದಲ್ಲಿ ಕಲ್ತಿದ್ದಕ್ಕೆ ಕಾಲೇಜ್ ಕ್ರೆಡಿಟ್ ಪಡೆಯೋಕೆ ಪೋರ್ಟ್‌ಫೋಲಿಯೋ, ಅಂದ್ರೆ ನಮಗೇನು ಗೊತ್ತು ಅಂತ ಬರೆದು ಪುರಾವೆ ಜೊತೆ ಕೊಡೋ ಫೈಲು, ಹೇಗೆ ತಯಾರು ಮಾಡ್ಬೇಕು ಅಂತ ಕಲಿಸೋ ಎಂಟು ವಾರದ ಆನ್‌ಲೈನ್ ಕೋರ್ಸ್ ಮಾಡ್ದೆ. ಇನ್ವೆಂಟರಿ ಮ್ಯಾನೇಜ್ಮೆಂಟ್, ಟ್ರೈನಿಂಗ್ ಅಂಡ್ ಡೆವಲಪ್ಮೆಂಟ್, ಬಿಸಿನೆಸ್ ಕಮ್ಯುನಿಕೇಶನ್, ಈ ಮೂರು ಸಬ್ಜೆಕ್ಟ್‌ಗೆ ಅರ್ಜಿ ಹಾಕಿದ್ದೆ, ಒಂದೊಂದಕ್ಕೂ 3 ಕ್ರೆಡಿಟ್. ಎರಡು ಪಾಸ್ ಆಯ್ತು, ಒಂದು ರಿಜೆಕ್ಟ್. ಅಂದ್ರೆ 9ಕ್ಕೆ 6. ರಿಜೆಕ್ಟ್ ಆಗಿದ್ದು ಸರಿಯಾಗೇ ಆಗಿದೆ, ಯಾಕೆ ಅಂತ ಕೆಳಗೆ ಬರ್ದಿದ್ದೀನಿ. ಕೋರ್ಸ್ ನಡೆಸೋರ ಹೆಸ್ರು ಹಾಕ್ತಿಲ್ಲ, ಯಾಕಂದ್ರೆ ಕೆಲವು ವಿಷಯ ಸ್ವಲ್ಪ ಖಾರವಾಗೇ ಹೇಳೋದಿದೆ, ಮತ್ತೆ ಈ ಥರ ಕೋರ್ಸ್ ಯಾವ್ದೇ ತಗೊಂಡ್ರೂ ನೋಡ್ಬೇಕಾಗಿರೋದು ಹೆಚ್ಚುಕಮ್ಮಿ ಇವೇ.

ನನ್ನ ಕಥೆ ಚಿಕ್ಕದು. ಡಿಗ್ರಿ ಅರ್ಧಕ್ಕೆ ನಿಂತೋಗಿತ್ತು. ಆಮೇಲೆ 14 ವರ್ಷ ಔಷಧಿ ಸ್ಟೋರ್ಸ್‌ನಲ್ಲಿ ಕೆಲಸ, ಶುರುವಲ್ಲಿ ಬಾಕ್ಸ್ ಎಣಿಸೋದು, ಆಮೇಲೆ ಸ್ಟಾಕ್ ರಿಜಿಸ್ಟರು, ಆಮೇಲೆ ಆರ್ಡರ್ ಹಾಕೋದು, ಕೊನೇ ಆರು ವರ್ಷ ಹೊಸಬ್ರಿಗೆ ಟ್ರೈನಿಂಗ್ ಕೊಡೋದೂ ನನ್ ಮೇಲೇ ಬಿತ್ತು. ಡಿಗ್ರಿ ಮುಗಿಸೋಣ ಅಂತ ವಾಪಸ್ ಹೋದಾಗ ಸಿಲಬಸ್ ನೋಡಿದ್ರೆ ಅದ್ರಲ್ಲಿ ಇನ್ವೆಂಟರಿ ಮ್ಯಾನೇಜ್ಮೆಂಟ್ ಅಂತ ಒಂದು ಸಬ್ಜೆಕ್ಟೇ ಇದೆ, ನಾನು ದಿನಾ ಬೆಳಗ್ಗೆ ಎದ್ದು ಮಾಡೋ ಕೆಲಸಾನೇ ಅಲ್ಲಿ ಹದಿನೈದು ವಾರ ಕೂತು ಕೇಳ್ಬೇಕಿತ್ತು. ಆಗ ಅಡ್ಮಿಷನ್ ಆಫೀಸಲ್ಲಿ ಒಬ್ರು ಹೇಳಿದ್ರು, ನಿಮಗೆ ಈಗಾಗ್ಲೇ ಗೊತ್ತಿದೆ ಅಂತ ಪ್ರೂವ್ ಮಾಡಿದ್ರೆ ಆ ಸಬ್ಜೆಕ್ಟ್ ಕೂರೋದೇ ಬೇಡ, ಕ್ರೆಡಿಟ್ ಸಿಗುತ್ತೆ, ಆದ್ರೆ ಪೋರ್ಟ್‌ಫೋಲಿಯೋ ಸಲ್ಲಿಸ್ಬೇಕು ಅಂತ.

ಈ ಪದ್ಧತಿಗೆ ಒಂದೊಂದು ಕಡೆ ಒಂದೊಂದು ಹೆಸ್ರು. ಅಮೆರಿಕದಲ್ಲಿ ಪಿಎಲ್‌ಎ (ಪ್ರಯರ್ ಲರ್ನಿಂಗ್ ಅಸೆಸ್‌ಮೆಂಟ್, ಅಂದ್ರೆ ಮೊದ್ಲೇ ಕಲ್ತಿದ್ದರ ಮೌಲ್ಯಮಾಪನ), ಕೆನಡಾದಲ್ಲಿ ಪಿಎಲ್‌ಎಆರ್, ಆಸ್ಟ್ರೇಲಿಯಾ ದಕ್ಷಿಣ ಆಫ್ರಿಕಾದಲ್ಲಿ ಆರ್‌ಪಿಎಲ್, ಫ್ರಾನ್ಸ್‌ನಲ್ಲಿ ವಿಎಇ ಅಂತಾರೆ, ಅಲ್ಲಿ 2002ರಲ್ಲಿ ಇದಕ್ಕೆ ಕಾನೂನೇ ಬಂತು. ಅಮೆರಿಕದ ಕೇಲ್ ಅನ್ನೋ ಸಂಸ್ಥೆ, ಅಂದ್ರೆ ಕೌನ್ಸಿಲ್ ಫಾರ್ ಅಡಲ್ಟ್ ಅಂಡ್ ಎಕ್ಸ್‌ಪೀರಿಯೆನ್ಶಿಯಲ್ ಲರ್ನಿಂಗ್, 1974ರಿಂದ ಇದೇ ಕೆಲಸ ಮಾಡ್ಕೊಂಡು ಬಂದಿದೆ, ಅವ್ರು ಹಾಕಿರೋ ಹತ್ತು ನಿಯಮಗಳನ್ನ ನನ್ನ ಕೋರ್ಸ್‌ನ ಮೊದಲ ಪಾಠದಲ್ಲೇ ಕೊಟ್ಟಿದ್ರು. ಅದ್ರಲ್ಲಿ ಎರಡನ್ನ ಪೋರ್ಟ್‌ಫೋಲಿಯೋಗೆ ಕೈ ಹಾಕೋ ಪ್ರತಿಯೊಬ್ರೂ ಗೋಡೆ ಮೇಲೆ ಬರೆದಿಟ್ಕೋಬೇಕು. ಒಂದು, ಕ್ರೆಡಿಟ್ ಸಿಗೋದು ಕಲಿಕೆಗೆ, ಅನುಭವಕ್ಕಲ್ಲ. ಎರಡು, ಫೀಸ್ ತಗೋಬೇಕಿರೋದು ಮೌಲ್ಯಮಾಪನ ಮಾಡೋ ಕೆಲಸಕ್ಕೆ, ಎಷ್ಟು ಕ್ರೆಡಿಟ್ ಕೊಟ್ರು ಅನ್ನೋ ಲೆಕ್ಕದಲ್ಲಿ ಅಲ್ಲ. ಎರಡನೇದು ಯಾಕೆ ಮುಖ್ಯ ಅಂದ್ರೆ ಕ್ರೆಡಿಟ್ ಲೆಕ್ಕದಲ್ಲಿ ದುಡ್ಡು ತಗೊಳ್ಳೋರಿಗೆ ಜಾಸ್ತಿ ಕ್ರೆಡಿಟ್ ಕೊಟ್ಟಷ್ಟೂ ಲಾಭ, ಹಂಗಾದ್ರೆ ಆ ಕ್ರೆಡಿಟ್‌ಗೆ ಬೆಲೆ ಎಲ್ಲಿಂದ ಬರ್ಬೇಕು ಹೇಳಿ. ನಾನು ಮಾಡಿದ ಕಡೆ ಕೋರ್ಸ್‌ಗೆ ಒಂದು ಫೀಸ್, ಪ್ರತಿ ಪೋರ್ಟ್‌ಫೋಲಿಯೋ ನೋಡೋಕೆ ಇನ್ನೊಂದು ಫೀಸ್, ಪಾಸ್ ಆದ್ರೂ ಅಷ್ಟೇ ಫೇಲ್ ಆದ್ರೂ ಅಷ್ಟೇ. ರಿಜೆಕ್ಟ್ ಆದಾಗ ಹೊಟ್ಟೆ ಉರೀತು ನಿಜ, ಆದ್ರೆ ನ್ಯಾಯ ಅದೇ.

ಈ ಕೋರ್ಸ್‌ಗೆ ಸೇರೋಕೆ ಮುಂಚೆ ಒಂದು ತಪ್ಪು ಹೆಜ್ಜೆ ಇಟ್ಟಿದ್ದೆ, ಅದನ್ನೂ ಹೇಳ್ಬೇಕು. ನಿಮ್ಮ ಪೋರ್ಟ್‌ಫೋಲಿಯೋ ನಾವೇ ಬರ್ಕೊಡ್ತೀವಿ ಅನ್ನೋ ಒಂದು ಸರ್ವಿಸ್ ಸಿಕ್ತು, ರೆಸ್ಯೂಮೆ ಕಳ್ಸಿ ಸಾಕು, ಹತ್ತು ದಿನದಲ್ಲಿ ರೆಡಿ ಅಂದ್ರು. ಸ್ಯಾಂಪಲ್ ಅಂತ ನನ್ನದೇ ರೆಸ್ಯೂಮೆ ಮೇಲೆ ಎರಡು ಪೇಜ್ ಬರೆದು ಕಳ್ಸಿದ್ರು. ಓದಿ ನನಗೆ ಒಂಥರಾ ಬೇಜಾರಾಯ್ತು. ಭಾಷೆ ಚೆನ್ನಾಗಿತ್ತು, ದೊಡ್ಡ ದೊಡ್ಡ ಪದ ಇತ್ತು, ಆದ್ರೆ ಅದ್ರಲ್ಲಿ ನಾನಿರ್ಲಿಲ್ಲ. ಸ್ಟೋರ್ಸ್‌ನಲ್ಲಿ ಕೆಲಸ ಮಾಡಿರೋ ಯಾರ ಹೆಸ್ರು ಹಾಕಿದ್ರೂ ಹೊಂದ್ಕೊಳ್ಳೋ ಮಾತುಗಳು. ಜೊತೆಗೆ ಇನ್ನೊಬ್ರು ಬರೆದಿದ್ದನ್ನ ನನ್ನದು ಅಂತ ಕಾಲೇಜಿಗೆ ಕೊಡೋದು ಮೋಸ, ಸಿಕ್ಕಿಬಿದ್ರೆ ಕ್ರೆಡಿಟ್ ಬಿಡಿ ಅಡ್ಮಿಷನ್ನೇ ಹೋಗ್ಬಹುದು. ಅಲ್ಲಿಗೇ ನಿಲ್ಲಿಸ್ದೆ. ಯಾರಾದ್ರೂ ಬರ್ಕೊಡ್ತೀವಿ ಅಂದ್ರೆ ದಯವಿಟ್ಟು ಆ ಕಡೆ ತಲೆನೂ ಹಾಕ್ಬೇಡಿ.

ಸರಿ, ಕೋರ್ಸ್‌ಗೆ ಬರ್ತೀನಿ. ಮೊದಲ ವಾರ ಹಳೇದೆಲ್ಲ ನೆನಪು ಮಾಡ್ಕೊಳ್ಳೋದು. ಯಾವ ವರ್ಷ ಎಲ್ಲಿ ಏನ್ ಮಾಡ್ದೆ, ಯಾವ ಟ್ರೈನಿಂಗ್ ಹೋದೆ, ಯಾರ ಹತ್ರ ಏನ್ ಕಲ್ತೆ, ಇದನ್ನ ವರ್ಷದ ಪ್ರಕಾರ ಪಟ್ಟಿ ಮಾಡ್ಬೇಕು, ಕೆಲಸ ಒಂದೇ ಅಲ್ಲ, ಸಂಘ ಸಂಸ್ಥೆಯಲ್ಲಿ ಮಾಡಿದ್ದು, ಮನೇಲಿ ಕಲ್ತಿದ್ದು ಎಲ್ಲಾನೂ. ಆಮೇಲೆ ಆ ಪಟ್ಟಿಯನ್ನ ಕಾಲೇಜಿನ ಸಿಲಬಸ್ ಪಕ್ಕ ಇಟ್ಟು ಯಾವುದಕ್ಕೆ ಯಾವುದು ತಾಳೆ ಆಗುತ್ತೆ ಅಂತ ನೋಡೋದು. ಇದು ಸುಲಭ ಅನ್ಸುತ್ತೆ, ಆದ್ರೆ ಸಬ್ಜೆಕ್ಟ್ ಹೆಸ್ರು ನೋಡಿ ಆರಿಸ್ಕೋಬಾರ್ದು, ಒಳಗಡೆ ಕಲಿಕಾ ಫಲಿತಾಂಶ ಅಂತ ಐದಾರು ಸಾಲು ಇರುತ್ತಲ್ಲ ಅದನ್ನ ಒಂದೊಂದಾಗಿ ನೋಡ್ಬೇಕು. ನಾನು ಬಿಸಿನೆಸ್ ಕಮ್ಯುನಿಕೇಶನ್ ಆರಿಸ್ಕೊಂಡಿದ್ದು ಹೆಸ್ರು ನೋಡಿ. ದಿನಕ್ಕೆ ಮೂವತ್ತು ಮೇಲ್ ಬರೀತೀನಿ, ನನಗೆ ಬರಲ್ವಾ ಅನ್ನೋ ಧೈರ್ಯ. ಅಲ್ಲೇ ಎಡವಿದ್ದು.

ಎರಡನೇ ವಾರ ಬಂತು ನೋಡಿ ಅಸಲಿ ವಿಷಯ. ಇನ್ವೆಂಟರಿ ಮ್ಯಾನೇಜ್ಮೆಂಟ್‌ಗೆ ನನ್ನ ನರೇಟಿವ್‌ನ, ಅಂದ್ರೆ ಏನ್ ಕಲ್ತಿದ್ದೀನಿ ಅಂತ ವಿವರಿಸೋ ಬರಹದ, ಮೊದಲ ಡ್ರಾಫ್ಟ್ ಕಳ್ಸಿದ್ದೆ, ಐದು ಪೇಜು. ನಾನು ಆರ್ಡರ್ ಹಾಕ್ತಿದ್ದೆ, ನಾನು ಸ್ಟಾಕ್ ನೋಡ್ಕೋತಿದ್ದೆ, ಎಕ್ಸ್‌ಪೈರಿ ಆಗದ ಹಾಗೆ ನೋಡ್ಕೋತಿದ್ದೆ, ಆಡಿಟ್‌ನಲ್ಲಿ ಒಂದೇ ಒಂದು ರಿಮಾರ್ಕ್ ಬರ್ಲಿಲ್ಲ, ಹೀಗೇ ಪೇಜ್ ಪೂರ್ತಿ. ನನಗೆ ಅದ್ರ ಬಗ್ಗೆ ಹೆಮ್ಮೆ ಇತ್ತು. ಕೋರ್ಸ್‌ನಲ್ಲಿ ನನ್ನ ಡ್ರಾಫ್ಟ್ ನೋಡೋ ಮೆಂಟರ್ ವಾಪಸ್ ಕಳ್ಸಿದಾಗ ಒಂದು ಪೇಜಲ್ಲೂ ತಿದ್ದಿರ್ಲಿಲ್ಲ, ಬರೀ ಪಕ್ಕದಲ್ಲಿ ಪ್ರಶ್ನೆ. ಹೇಗೆ ಗೊತ್ತಾಗ್ತಿತ್ತು. ಯಾಕೆ ಅಷ್ಟೇ. ಬೇರೆ ಥರ ಮಾಡಿದ್ರೆ ಏನಾಗ್ತಿತ್ತು. ಇದು ಎಲ್ಲಾ ಔಷಧಿಗೂ ಅನ್ವಯ ಆಗುತ್ತಾ. ಎಣಿಸಿದೆ, ಐದು ಪೇಜಿಗೆ 41 ಪ್ರಶ್ನೆ.

ಒಂದು ಉದಾಹರಣೆ ಪೂರ್ತಿ ಹೇಳ್ತೀನಿ, ಇಡೀ ಕೋರ್ಸ್‌ನ ಬೆಲೆ ಇದ್ರಲ್ಲೇ ಇದೆ. ನಾನು ಬರೆದಿದ್ದ ಸಾಲು ಇಷ್ಟು: ಒಂದು ಮಾತ್ರೆ ದಿನಕ್ಕೆ 40 ಸ್ಟ್ರಿಪ್ ಹೋಗ್ತಿತ್ತು, ಸಪ್ಲೈಯರ್ ತಲುಪಿಸೋಕೆ 6 ದಿನ ತಗೋತಿದ್ರು, ಅದಕ್ಕೆ ಸ್ಟಾಕ್ 360ಕ್ಕೆ ಇಳಿದ ಕೂಡ್ಲೇ ಆರ್ಡರ್ ಹಾಕ್ತಿದ್ದೆ. ಮೆಂಟರ್ ಪ್ರಶ್ನೆ: 40ನ್ನ 6ರಿಂದ ಗುಣಿಸಿದ್ರೆ 240, ಮಿಕ್ಕ 120 ಯಾಕೆ? ನಾನು ಎರಡು ದಿನ ಯೋಚ್ನೆ ಮಾಡ್ದೆ. ನನಗೆ ಆ 120 ಕೈಗೆ ಬಂದಿತ್ತು, ಬಾಯಿಗೆ ಬಂದಿರ್ಲಿಲ್ಲ. ಆಮೇಲೆ ನೆನಪಾಯ್ತು, ಒಂದ್ಸಲ ಸಪ್ಲೈ 6 ದಿನದ ಬದ್ಲು 9 ದಿನ ತಗೊಂಡಿತ್ತು, ಆ ಮೂರು ದಿನ ನಾವು ಪಟ್ಟ ಪಾಡು ಇನ್ನೂ ಕಣ್ಮುಂದೆ ಇದೆ, ಅವತ್ತಿಂದ ಮೂರು ದಿನದ್ದು ಅಂದ್ರೆ 120 ಯಾವಾಗ್ಲೂ ಕೈಯಲ್ಲಿ ಇಟ್ಕೋತಿದ್ದೆ. ಪುಸ್ತಕದಲ್ಲಿ ಇದಕ್ಕೆ ಸೇಫ್ಟಿ ಸ್ಟಾಕ್ ಅಂತಾರೆ, ಆ 360ಕ್ಕೆ ರೀಆರ್ಡರ್ ಪಾಯಿಂಟ್ ಅಂತಾರೆ, ಸರಿ ಆ ಪದ ಹಾಕಿ ಕಳ್ಸಿದೆ, ಮುಗೀತು ಅನ್ಕೊಂಡೆ.

ಮುಗೀಲಿಲ್ಲ. ಮುಂದಿನ ಪ್ರಶ್ನೆ: ಸೇಫ್ಟಿ ಸ್ಟಾಕ್‌ಗೆ ಪುಸ್ತಕದಲ್ಲಿ ಸಾಮಾನ್ಯವಾಗಿ ಬಳಸೋ ಒಂದು ಲೆಕ್ಕದಲ್ಲಿ ಒಂದು ದಿನದ ಅತಿ ಹೆಚ್ಚು ಬಳಕೆಯನ್ನ ಸಪ್ಲೈ ಬರೋಕೆ ತಗೊಂಡ ಅತಿ ಹೆಚ್ಚು ದಿನಗಳಿಂದ ಗುಣಿಸಿ, ಅದ್ರಿಂದ ಸರಾಸರಿ ಬಳಕೆ ಗುಣಿಸು ಸರಾಸರಿ ದಿನ ಎಷ್ಟೋ ಅದನ್ನ ಕಳೀತಾರೆ, ನಿಮ್ಮ ಮಾತ್ರೆಗೆ ಅದೆಷ್ಟು ಬರುತ್ತೆ? ರಿಜಿಸ್ಟರ್ ತೆಗೆದು ನೋಡ್ದೆ, ಜಾಸ್ತಿ ಅಂದ್ರೆ ದಿನಕ್ಕೆ 55 ಹೋಗಿದೆ. 55 ಗುಣಿಸು 9 ಅಂದ್ರೆ 495, ಅದ್ರಲ್ಲಿ 240 ಕಳೆದ್ರೆ 255. ನಾನು ಇಟ್ಕೊಂಡಿದ್ದು 120. ಹಂಗಾದ್ರೆ ಇಷ್ಟು ವರ್ಷ ನಾನು ತಪ್ಪು ಮಾಡಿದ್ನಾ ಅಂತ ಒಂದು ಕ್ಷಣ ಎದೆ ಧಸಕ್ ಅಂತು. ಆದ್ರೆ 120 ಇಟ್ಕೊಳ್ಳೋಕೆ ಶುರು ಮಾಡಿದ ಮೇಲೆ ಆ ಮಾತ್ರೆ ಸ್ಟಾಕ್ ಖಾಲಿ ಆಗಿರ್ಲಿಲ್ಲ. ಯಾಕೆ ಆಗಿರ್ಲಿಲ್ಲ? ಆ ಮಾತ್ರೆ ನಮ್ಮ ಇನ್ನೊಂದು ಬ್ರಾಂಚಲ್ಲಿ ಇರ್ತಿತ್ತು, ಕಮ್ಮಿ ಬಿದ್ರೆ ಒಂದೇ ದಿನದಲ್ಲಿ ತರಿಸ್ಕೋಬಹುದಿತ್ತು, ಅದಕ್ಕೆ ನನಗೆ 255 ಬೇಕಿರ್ಲಿಲ್ಲ. ಆದ್ರೆ ಇನ್ಸುಲಿನ್‌ಗೆ ನಾನು ಹಾಗೆ ಮಾಡ್ತಿರ್ಲಿಲ್ಲ. ಅದು 2ರಿಂದ 8 ಡಿಗ್ರಿ ಒಳಗೇ ಇರ್ಬೇಕು, ಆ ಬ್ರಾಂಚ್‌ನಿಂದ ತಣ್ಣಗೆ ತರೋ ವ್ಯವಸ್ಥೆ ಇರ್ಲಿಲ್ಲ, ಮತ್ತೆ ಅದಿಲ್ಲ ಅಂದ್ರೆ ಪೇಷಂಟ್‌ಗೆ ಜೀವದ ಪ್ರಶ್ನೆ, ಹಾಗಂತ ಜಾಸ್ತಿ ಇಟ್ರೆ ಡೇಟ್ ಮುಗಿಯೋ ಭಯ. ಇದನ್ನೆಲ್ಲ ಬರೀತಾ ಬರೀತಾ ನನಗೇ ಗೊತ್ತಾಗಿದ್ದು, ನಾನು ಔಷಧಿಗಳನ್ನ ಮನಸ್ಸಲ್ಲೇ ಮೂರು ಗುಂಪು ಮಾಡ್ಕೊಂಡಿದ್ದೆ, ಇರಲೇಬೇಕಾದ್ದು, ಬೇಕಾದ್ದು, ಇದ್ರೆ ಒಳ್ಳೇದು ಅನ್ನೋದು. ಅದಕ್ಕೆ ವಿಇಡಿ (ವೈಟಲ್, ಎಸೆನ್ಶಿಯಲ್, ಡಿಸೈರಬಲ್) ಅನಾಲಿಸಿಸ್ ಅಂತ ಹೆಸ್ರಿದೆ ಅನ್ನೋದು ಕೋರ್ಸ್ ಮಾಡೋವರೆಗೂ ಗೊತ್ತಿರ್ಲಿಲ್ಲ.

ಆ ಒಂದು ಸಾಲು ಕೊನೇ ಡ್ರಾಫ್ಟಲ್ಲಿ ಎರಡೂವರೆ ಪೇಜ್ ಆಯ್ತು. ಮೆಂಟರ್ ಒಂದು ಮಾತು ಬರೆದ್ರು, ಪುಸ್ತಕದ ಪದ ಮೇಲೆ ಅಂಟಿಸ್ಬೇಡಿ, ನಿಮ್ಮ ರೂಲ್‌ಗೂ ಪುಸ್ತಕದ ರೂಲ್‌ಗೂ ಎಲ್ಲಿ ವ್ಯತ್ಯಾಸ ಬರುತ್ತೆ ಅದನ್ನ ಬರೀರಿ ಅಂತ. ಎಕ್ಸ್‌ಪೈರಿ ವಿಷಯದಲ್ಲೂ ಇದೇ ಆಯ್ತು. ಮೊದಲು ಬಂದಿದ್ದು ಮೊದಲು ಹೋಗ್ಬೇಕು ಅನ್ನೋದು ಎಲ್ಲಾ ಗೋಡೌನ್‌ನ ರೂಲು, ಆದ್ರೆ ಔಷಧಿಯಲ್ಲಿ ಆಮೇಲೆ ಬಂದ ಬ್ಯಾಚ್‌ದೇ ಡೇಟ್ ಮೊದ್ಲು ಮುಗಿಯೋದು ಇದ್ದೇ ಇರುತ್ತೆ, ಅದಕ್ಕೆ ಬಂದ ದಿನ ಅಲ್ಲ, ಮುಗಿಯೋ ದಿನ ನೋಡ್ಬೇಕು. ಇದು ನನಗೆ ಕೈಪಾಠ ಆಗಿತ್ತು, ಆದ್ರೆ ಇದು ಎರಡು ಬೇರೆ ಬೇರೆ ಸಿದ್ಧಾಂತ ಅಂತ ಯೋಚ್ನೆನೇ ಮಾಡಿರ್ಲಿಲ್ಲ.

ಇದ್ರ ಹಿಂದೆ ಇರೋ ಥಿಯರಿ ಡೇವಿಡ್ ಕೋಲ್ಬ್ ಅನ್ನೋರದ್ದು, 1984ರಲ್ಲಿ ಬಂದಿದ್ದು. ಅನುಭವ ಆಗುತ್ತೆ, ಅದನ್ನ ತಿರುಗಿ ನೋಡ್ತೀವಿ, ಅದ್ರಿಂದ ಒಂದು ನಿಯಮ ಕಟ್ಕೋತೀವಿ, ಆ ನಿಯಮಾನ ಮುಂದಿನ ಸಲ ಪ್ರಯೋಗ ಮಾಡಿ ನೋಡ್ತೀವಿ, ಮತ್ತೆ ಅನುಭವ. ನಾಲ್ಕು ಹಂತದ ಚಕ್ರ. ಕೋರ್ಸ್‌ನಲ್ಲಿ ಇದಕ್ಕೆ ಒಂದು ಇಡೀ ವೀಡಿಯೋ ಇದೆ, ಅದ್ರ ಜೊತೆ ಬ್ಲೂಮ್ ಅವ್ರ 1956ರ ವರ್ಗೀಕರಣ, ಯಾವ ಕ್ರಿಯಾಪದ ಬಳಸಿದ್ರೆ ಯಾವ ಮಟ್ಟದ ಕಲಿಕೆ ತೋರಿಸ್ದಂಗೆ ಅಂತ. ವೀಡಿಯೋ ಚೆನ್ನಾಗಿದೆ, ಆದ್ರೆ ಅಪಾಯಾನೂ ಇದೆ. ನನ್ನ ಬ್ಯಾಚಲ್ಲಿ ಕೆಲವ್ರು ಪ್ರತಿ ಪ್ಯಾರಾನೂ ಈ ನಾಲ್ಕು ಹಂತಕ್ಕೆ ಕಟ್ ಮಾಡಿ ಕೂರಿಸಿದ್ರು, ಓದಿದ್ರೆ ಫಾರಂ ತುಂಬಿದ ಹಾಗೆ ಇತ್ತು. ಟೆಂಪ್ಲೇಟ್ ಕೊಟ್ಟಿರೋದೇ ಹಾಗೆ, ಅದು ಕೋರ್ಸ್‌ನ ದೋಷ. ನನಗೆ ಆ ನಾಲ್ಕು ಹಂತ ಬರೆಯೋಕೆ ಅಷ್ಟೇನೂ ಉಪಯೋಗಕ್ಕೆ ಬರ್ಲಿಲ್ಲ, ನೆನಪು ಮಾಡ್ಕೊಳ್ಳೋಕೆ ಬಂತು.

ಈಗ ದೊಡ್ಡ ಕಂಪ್ಲೇಂಟ್. ಎವಿಡೆನ್ಸ್ ಅಂದ್ರೆ ಪುರಾವೆ ಬಗ್ಗೆ ಪಾಠ ಬರೋದು ಐದನೇ ವಾರ. ಇದು ಎರಡನೇ ವಾರವೇ ಬರ್ಬೇಕಿತ್ತು, ಯಾಕಂದ್ರೆ ಪುರಾವೆ ಕಲೆಹಾಕೋಕೆ ಬೇರೆಯವ್ರ ಕೈ ಕಾಯ್ಬೇಕು. ಹಳೇ ಮ್ಯಾನೇಜರ್ ರಿಟೈರ್ ಆಗಿದ್ದಾರೆ, ಅವ್ರ ನಂಬರ್ ಹುಡುಕ್ಬೇಕು, ಅವ್ರಿಗೆ ಏನು ಬೇಕು ಅಂತ ವಿವರಿಸ್ಬೇಕು, ಅವ್ರು ಬರ್ದುಕೊಡೋವರೆಗೂ ಕಾಯ್ಬೇಕು, ಮೂರು ವಾರದಲ್ಲಿ ಇದೆಲ್ಲ ಹೇಗೆ ಆಗುತ್ತೆ? ನಾನು ಕೊನೇ ಕ್ಷಣದಲ್ಲಿ ಓಡಾಡಿದ್ದು ದೇವ್ರಿಗೇ ಪ್ರೀತಿ. ನಿಮಗೆ ನನ್ನ ಸಲಹೆ, ಕೋರ್ಸ್‌ಗೆ ಸೇರೋಕೆ ತಿಂಗಳು ಮುಂಚೆನೇ ಪತ್ರಗಳ ಕೆಲಸ ಶುರು ಮಾಡಿ. ಮತ್ತೆ ಆ ಪತ್ರ ಶಿಫಾರಸು ಪತ್ರ ಅಲ್ಲ, ಇದನ್ನ ಕೊಡೋರಿಗೆ ಅರ್ಥ ಮಾಡ್ಸೋದು ಕಷ್ಟ. ನನ್ನ ಹಳೇ ಮ್ಯಾನೇಜರ್ ಸರ್ ಮೊದಲು ಕೊಟ್ಟಿದ್ದು ನಾನು ಪ್ರಾಮಾಣಿಕ ವ್ಯಕ್ತಿ, ಕಷ್ಟಪಟ್ಟು ಕೆಲಸ ಮಾಡ್ತೀನಿ, ಮುಂದಿನ ಜೀವನಕ್ಕೆ ಶುಭವಾಗ್ಲಿ ಅಂತ. ಓದಿ ಕಣ್ಣು ತುಂಬಿ ಬಂತು, ಆದ್ರೆ ಪೋರ್ಟ್‌ಫೋಲಿಯೋ ನೋಡಿ ಪಾಸೋ ಫೇಲೋ ತೀರ್ಮಾನ ಮಾಡೋ ಅಸೆಸರ್‌ಗೆ ಅದ್ರಿಂದ ಏನೂ ಗೊತ್ತಾಗಲ್ಲ. ಬೇಕಿರೋದು ಯಾವ ವರ್ಷದಿಂದ ಯಾವ ವರ್ಷದವರೆಗೆ ಅವ್ರು ನನ್ನ ಕೆಲಸ ಕಣ್ಣಾರೆ ನೋಡಿದ್ರು, ನಾನು ಯಾವ ನಿರ್ಧಾರ ಸ್ವಂತ ತಗೋತಿದ್ದೆ, ಯಾವುದನ್ನ ಕೇಳಿ ಮಾಡ್ತಿದ್ದೆ, ನನ್ನ ಮಟ್ಟ ಏನು ಅನ್ನೋದು. ಫೋನ್ ಮಾಡಿ, ಸರ್ ನೀವು ಹೊಗಳೋದು ಬೇಡ, ನಾನು ಇನ್ಸುಲಿನ್ ಆರ್ಡರ್ ಹೇಗೆ ಹಾಕ್ತಿದ್ದೆ ಅದನ್ನ ಬರೀರಿ ಅಂದೆ. ಎರಡನೇ ಪತ್ರ ಎಷ್ಟು ಚೆನ್ನಾಗಿ ಬಂತು ಅಂದ್ರೆ ಅಸೆಸರ್ ಅದ್ರಿಂದಲೇ ಒಂದು ಪ್ರಶ್ನೆ ಕೇಳಿದ್ರು.

ಪುರಾವೆಯನ್ನ ನಾಲ್ಕು ರೀತಿ ತೂಗ್ತಾರೆ. ವಿಷಯಕ್ಕೆ ಸಂಬಂಧ ಇದ್ಯಾ, ನಿಮ್ಮದೇನಾ, ಈಗಲೂ ನಡೆಯೋ ಜ್ಞಾನಾನಾ, ಸಾಕಷ್ಟಿದ್ಯಾ. ನೇರ ಪುರಾವೆ ಅಂದ್ರೆ ನೀವೇ ಮಾಡಿದ್ದು, ಉದಾಹರಣೆಗೆ ನಾನು ತಯಾರು ಮಾಡಿದ ಸ್ಟಾಕ್ ಶೀಟು, ಟ್ರೈನಿಂಗ್ ಚೆಕ್‌ಲಿಸ್ಟು. ಪರೋಕ್ಷ ಅಂದ್ರೆ ಬೇರೆಯವ್ರು ನಿಮ್ಮ ಬಗ್ಗೆ ಹೇಳಿದ್ದು, ಪತ್ರ, ಪ್ರಮೋಷನ್ ಆರ್ಡರು. ಎರಡೂ ಬೇಕು. ರಾಶಿ ಹಾಕೋದು ಬೇಡ. ನನ್ನ ಬ್ಯಾಚಲ್ಲಿ ಒಬ್ರು ಇನ್ನೂರು ಪೇಜ್ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಹಾಕಿದ್ರು, ನರೇಟಿವ್‌ನಲ್ಲಿ ಯಾವ ಮಾತಿಗೆ ಯಾವ ಪೇಜ್ ಪುರಾವೆ ಅಂತ ಬರೆದೇ ಇರ್ಲಿಲ್ಲ, ಅವ್ರದ್ದು ವಾಪಸ್ ಬಂತು ಪಾಪ. ಪ್ರತಿ ಪುರಾವೆಗೂ ನಂಬರ್ ಕೊಡಿ, ನರೇಟಿವ್‌ನಲ್ಲಿ ಆ ಮಾತು ಬರೋ ಜಾಗದಲ್ಲೇ ಆ ನಂಬರ್ ಹಾಕಿ. ಇನ್ನೊಂದು ಮುಖ್ಯ ವಿಷಯ, ಆಫೀಸ್ ಕಾಗದ ಹಾಕ್ತೀವಲ್ಲ, ಅದ್ರಲ್ಲಿ ಸಪ್ಲೈಯರ್ ರೇಟು, ಪೇಷಂಟ್ ಹೆಸ್ರು ಇದ್ರೆ ಮುಚ್ಚಲೇಬೇಕು, ಆಫೀಸಿನ ಪರ್ಮಿಷನ್ ಕೂಡ ತಗೋಬೇಕು. ಇದ್ರ ಬಗ್ಗೆ ಕೋರ್ಸ್‌ನಲ್ಲಿ ಒಂದೇ ಒಂದು ಸಾಲು ಇತ್ತು. ಔಷಧಿ ಸ್ಟೋರ್ಸ್‌ನಂಥ ಕಡೆ ಕೆಲಸ ಮಾಡೋರಿಗೆ ಇದು ಒಂದು ಸಾಲಲ್ಲಿ ಮುಗಿಯೋ ವಿಷಯ ಅಲ್ಲ, ಇದನ್ನ ಫೀಡ್‌ಬ್ಯಾಕ್‌ನಲ್ಲಿ ಬಲವಾಗೇ ಬರೆದಿದ್ದೀನಿ.

ಟ್ರೈನಿಂಗ್ ಅಂಡ್ ಡೆವಲಪ್ಮೆಂಟ್ ಸಬ್ಜೆಕ್ಟ್ ಸಲೀಸಾಗಿ ಹೋಯ್ತು, ಅದಕ್ಕೆ ಜಾಸ್ತಿ ಬರೆಯಲ್ಲ. ಹೊಸಬ್ರು ಸೇರಿದ ಮೇಲೆ ತಪ್ಪು ಔಷಧಿ ತೆಗೆದುಕೊಟ್ಟಿದ್ದು ಎಷ್ಟು ಸಲ ಅಂತ ನಾನು ಒಂದು ಪುಸ್ತಕದಲ್ಲಿ ಬರೆದಿಡ್ತಿದ್ದೆ, ಯಾರನ್ನೂ ಬೈಯೋಕಲ್ಲ, ಎಲ್ಲಿ ಪಾಠ ಸರಿ ಇಲ್ಲ ಅಂತ ತಿಳ್ಕೊಳ್ಳೋಕೆ. ಒಂದೇ ಥರ ಹೆಸ್ರಿರೋ ಔಷಧಿಗಳನ್ನ ಅಕ್ಕಪಕ್ಕ ಇಡೋದು ನಿಲ್ಲಿಸಿ, ಆ ಪಾಠಾನ ಮೊದಲ ದಿನಕ್ಕೆ ತಂದ ಮೇಲೆ ತಪ್ಪು ಕಮ್ಮಿಯಾಗಿದ್ದು ಆ ಪುಸ್ತಕದಲ್ಲೇ ಇತ್ತು. ಟ್ರೈನಿಂಗನ್ನ ನಾಲ್ಕು ಮಟ್ಟದಲ್ಲಿ ಅಳೀಬೇಕು ಅಂತ 1959ರಲ್ಲೇ ಕಿರ್ಕ್‌ಪ್ಯಾಟ್ರಿಕ್ ಅನ್ನೋರು ಹೇಳಿದ್ರಂತೆ, ಕಲಿಯೋರಿಗೆ ಇಷ್ಟ ಆಯ್ತಾ, ಕಲ್ತ್ರಾ, ಕೆಲಸದಲ್ಲಿ ನಡತೆ ಬದಲಾಯ್ತಾ, ಫಲಿತಾಂಶ ಬಂತಾ ಅಂತ. ನನ್ನ ಆ ಹಳೇ ಪುಸ್ತಕ ಕೊನೇ ಎರಡು ಮಟ್ಟದ ಪುರಾವೆ ಆಯ್ತು. ಅದನ್ನ ಎಸೀದೇ ಇಟ್ಟಿದ್ದು ನನ್ನ ಪುಣ್ಯ.

ಮೌಲ್ಯಮಾಪನ ಮಾಡೋರು ಮೆಂಟರ್ ಅಲ್ಲ, ಬೇರೆ ಅಸೆಸರ್, ಆ ಸಬ್ಜೆಕ್ಟ್ ಪಾಠ ಮಾಡೋರು. ಇದು ನನಗೆ ತುಂಬಾ ಹಿಡಿಸ್ತು. ಎಂಟು ವಾರ ಜೊತೆಗಿದ್ದು ಧೈರ್ಯ ತುಂಬಿದವ್ರೇ ಮಾರ್ಕ್ಸ್ ಹಾಕಿದ್ರೆ ಅದು ಅವ್ರಿಗೂ ಕಷ್ಟ ನಮಗೂ ಕಷ್ಟ. ಇನ್ವೆಂಟರಿಗೆ ಅರ್ಧ ಗಂಟೆ ಆನ್‌ಲೈನ್ ಸಂದರ್ಶನ ಇತ್ತು. ಒಂದ್ಸಲಕ್ಕೆ ಎಷ್ಟು ಆರ್ಡರ್ ಮಾಡ್ಬೇಕು ಅಂತ ಹೇಗೆ ತೀರ್ಮಾನ ಮಾಡ್ತಿದ್ರಿ ಅಂತ ಕೇಳಿದ್ರು. ಒಂದ್ಸಲಕ್ಕೆ ಎಷ್ಟು ತರಿಸಿದ್ರೆ ಒಟ್ಟು ಖರ್ಚು ಕಮ್ಮಿ ಅಂತ ಹೇಳೋ, ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಇಒಕ್ಯೂ ಸೂತ್ರ ಅಷ್ಟರಲ್ಲಿ ಓದ್ಕೊಂಡಿದ್ದೆ, ಆದ್ರೆ ಅದನ್ನ ಒಪ್ಪಿಸೋಕೆ ಹೋಗ್ಲಿಲ್ಲ. ಆ ಸೂತ್ರ ವರ್ಷಪೂರ್ತಿ ಬೇಡಿಕೆ ಒಂದೇ ಥರ ಇರುತ್ತೆ ಅಂತ ಹಿಡ್ಕೊಂಡು ಹೋಗುತ್ತೆ, ಜ್ವರದ ಔಷಧಿಗೆ ಹಾಗಾಗಲ್ಲ, ಸೀಸನ್‌ನಲ್ಲಿ ಬೇಡಿಕೆ ಏರುತ್ತೆ ಆಮೇಲೆ ಬಿದ್ದೋಗುತ್ತೆ, ಅದಕ್ಕೆ ನಾನು ಹಿಂದಿನ ಮೂರು ವರ್ಷದ ಅದೇ ತಿಂಗಳಿನ ರಿಜಿಸ್ಟರ್ ನೋಡ್ತಿದ್ದೆ ಅಂದೆ. ಅವ್ರು ಪೆನ್ ಕೆಳಗಿಟ್ಟು, ರಿಜಿಸ್ಟರ್ ಸುಳ್ಳು ಹೇಳಿದ್ದು ಯಾವಾಗಾದ್ರೂ ಆಗಿದ್ಯಾ ಅಂದ್ರು. ಆಗಿದೆ ಅಂದೆ, ಒಂದು ವರ್ಷ ಸ್ಟಾಕೇ ಇಲ್ದೆ ಕಮ್ಮಿ ಕೊಟ್ಟಿದ್ವಿ, ರಿಜಿಸ್ಟರ್‌ನಲ್ಲಿ ಅದು ಬೇಡಿಕೆ ಕಮ್ಮಿ ಅಂತ ಕಾಣ್ತಿತ್ತು, ಅದನ್ನ ನಂಬಿ ಮುಂದಿನ ವರ್ಷನೂ ಕಮ್ಮಿ ತರಿಸಿದ್ವಿ, ಅವತ್ತಿಂದ ಬಂದು ಬರಿಗೈಲಿ ವಾಪಸ್ ಹೋದೋರನ್ನೂ ಬರ್ಕೋತೀನಿ ಅಂದೆ. ಈ ಸಂದರ್ಶನಕ್ಕೆ ಕೋರ್ಸ್‌ನಲ್ಲಿ ಯಾವ ತಯಾರಿನೂ ಇರ್ಲಿಲ್ಲ, ಒಂದು ಅಣಕು ಸಂದರ್ಶನ ಆದ್ರೂ ಇಡ್ಬೇಕಿತ್ತು. ಬರೆಯೋಕೆ ಬರದೇ ಮಾತಲ್ಲಿ ಚೆನ್ನಾಗಿ ಹೇಳೋರು ಎಷ್ಟೋ ಜನ ಇರ್ತಾರೆ, ಮಾತು ಅಂದ್ರೆ ಗಾಬರಿ ಆಗೋರೂ ಇರ್ತಾರೆ.

ಬಿಸಿನೆಸ್ ಕಮ್ಯುನಿಕೇಶನ್ ಯಾಕೆ ರಿಜೆಕ್ಟ್ ಆಯ್ತು ಅಂದ್ರೆ, ನಾನು ಹಾಕಿದ ಹದಿನೆಂಟು ಸ್ಯಾಂಪಲ್ಲೂ ಒಂದೇ ಥರದ್ದು, ಆರ್ಡರ್ ಮೇಲ್, ತಡ ಯಾಕಾಯ್ತು ಅನ್ನೋ ಮೇಲ್. ಸಿಲಬಸ್ ಕೇಳಿದ್ದು ಉದ್ದದ ರಿಪೋರ್ಟು, ಒಂದೇ ವಿಷಯವನ್ನ ಬೇರೆ ಬೇರೆ ಓದುಗರಿಗೆ ಬೇರೆ ಬೇರೆ ಥರ ಬರೆಯೋದು, ಜನರ ಮುಂದೆ ಪ್ರೆಸೆಂಟೇಶನ್. ಅಸೆಸರ್ ಬರೆದ ಟಿಪ್ಪಣಿ ಗೌರವದಿಂದ ಇತ್ತು, ಆರರಲ್ಲಿ ಎರಡು ಫಲಿತಾಂಶಕ್ಕೆ ಒಳ್ಳೆ ಪುರಾವೆ ಇದೆ, ನಾಲ್ಕಕ್ಕೆ ಇಲ್ಲ, ಅರ್ಧ ಕ್ರೆಡಿಟ್ ಕೊಡೋ ನಿಯಮ ನಮ್ಮಲ್ಲಿಲ್ಲ ಅಂತ. ನನ್ನ ಸಿಟ್ಟು ಅಸೆಸರ್ ಮೇಲಲ್ಲ. ಮೊದಲ ವಾರದಲ್ಲೇ ಮೆಂಟರ್ ನನ್ನ ಆಯ್ಕೆ ನೋಡಿ ಇದು ಬೇಡ ಅನ್ನಬಹುದಿತ್ತು, ಆದ್ರೆ ಆಯ್ಕೆ ಪರಿಶೀಲನೆ ಮೆಂಟರ್ ಕೆಲಸ ಅಲ್ಲ, ಅದಕ್ಕೆ ಒಂದು ಆಟೋಮ್ಯಾಟಿಕ್ ಪ್ರಶ್ನಾವಳಿ ಇಟ್ಟಿದ್ದಾರೆ, ಅದು ನನ್ನ ಮೂರೂ ಸಬ್ಜೆಕ್ಟ್‌ಗೆ ಹಸಿರು ತೋರಿಸಿತ್ತು. ಒಬ್ಬ ಮನುಷ್ಯ ಹತ್ತು ನಿಮಿಷ ಕೂತು ನೋಡಿದ್ರೆ ಒಂದು ಫೀಸು, ಮೂರು ವಾರದ ನಿದ್ದೆ ಉಳೀತಿತ್ತು.

ಸೈಟ್ ಬಗ್ಗೆ ಹೇಳ್ಬೇಕಂದ್ರೆ ಸುಮಾರು. ದೊಡ್ಡ ಫೈಲ್ ಅಪ್‌ಲೋಡ್ ಆಗಲ್ಲ, ಮೊಬೈಲಲ್ಲಿ ಕಮೆಂಟ್ ಕಾಣಲ್ಲ, ಲ್ಯಾಪ್‌ಟಾಪ್ ಇಲ್ದೆ ಕಷ್ಟ. ವಾರಕ್ಕೆ ಐದು ಗಂಟೆ ಸಾಕು ಅಂತ ಬರ್ದಿದ್ದಾರೆ, ನನಗೆ ಹನ್ನೆರಡಕ್ಕೆ ಕಮ್ಮಿ ಯಾವ ವಾರವೂ ಆಗ್ಲಿಲ್ಲ.

ಸೇರೋಕೆ ಮುಂಚೆ ನಿಮ್ಮ ಕಾಲೇಜನ್ನ ಕೇಳ್ಬೇಕಾದ ಮಾತು ಕೆಲವಿದೆ. ಪೋರ್ಟ್‌ಫೋಲಿಯೋದಿಂದ ಹೆಚ್ಚೆಂದ್ರೆ ಎಷ್ಟು ಕ್ರೆಡಿಟ್ ತಗೋತಾರೆ, ಒಂದು ಮಿತಿ ಇದ್ದೇ ಇರುತ್ತೆ. ಗ್ರೇಡ್ ಕೊಡ್ತಾರಾ ಬರೀ ಪಾಸ್ ಅಂತ ಹಾಕ್ತಾರಾ, ಪಾಸ್ ಅಂತ ಹಾಕಿದ್ರೆ ಸಾಮಾನ್ಯವಾಗಿ ಸರಾಸರಿ ಗ್ರೇಡ್ ಲೆಕ್ಕಕ್ಕೆ ಬರಲ್ಲ. ಮುಂದೆ ಬೇರೆ ಕಾಲೇಜಿಗೆ ಹೋದ್ರೆ ಅವ್ರು ಒಪ್ತಾರೆ ಅಂತ ಗ್ಯಾರಂಟಿ ಇಲ್ಲ, ಅದನ್ನ ಬರವಣಿಗೆಯಲ್ಲೇ ಕೇಳಿ. ನಿಮಗೆ ಗೊತ್ತಿರೋದು ಪಕ್ಕಾ ಪುಸ್ತಕದ ವಿಷಯ ಆಗಿದ್ರೆ, ಉದಾಹರಣೆಗೆ ಗಣಿತ, ಅಕೌಂಟ್ಸ್, ಭಾಷೆ, ಆಗ ಪೋರ್ಟ್‌ಫೋಲಿಯೋಗಿಂತ ಚಾಲೆಂಜ್ ಎಕ್ಸಾಮ್, ಅಂದ್ರೆ ಕ್ಲಾಸಿಗೆ ಕೂರದೇ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯೋದು, ಇದ್ರೆ ಅದೇ ಬೇಗ. ಪೋರ್ಟ್‌ಫೋಲಿಯೋ ಇರೋದು ಕೈಯಿಂದ ತಲೆಗೆ ಏರಿದ ವಿದ್ಯೆಗೆ. ಇಷ್ಟೆಲ್ಲ ಒದ್ದಾಟ ಬೇಕಾ ಅಂತ ಕೇಳೋರಿಗೆ ಒಂದು ಅಂಕಿ ಇದೆ, 2010ರಲ್ಲಿ ಕೇಲ್ 48 ಸಂಸ್ಥೆಗಳ 62,475 ವಯಸ್ಕ ವಿದ್ಯಾರ್ಥಿಗಳನ್ನ ನೋಡಿತ್ತು, ಹೀಗೆ ಕ್ರೆಡಿಟ್ ಪಡೆದೋರಲ್ಲಿ 56% ಜನ ಏಳು ವರ್ಷದೊಳಗೆ ಪದವಿ ಮುಗಿಸಿದ್ರು, ಪಡೀದೇ ಇದ್ದೋರಲ್ಲಿ 21%. ಕ್ರೆಡಿಟ್‌ಗೆ ಓಡಾಡೋರಿಗೆ ಮೊದ್ಲಿಂದಾನೇ ಹಠ ಜಾಸ್ತಿ ಇರುತ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು, ಎಲ್ಲಾ ಕ್ರೆಡಿಟ್‌ನ ಮಹಿಮೆ ಅಲ್ಲ. ಆದ್ರೆ ನಡುವಯಸ್ಸಲ್ಲಿ ಮತ್ತೆ ಓದೋಕೆ ಕೂತೋರಿಗೆ ಒಂದು ಸೆಮಿಸ್ಟರ್ ಉಳಿಯೋದು ಎಷ್ಟು ದೊಡ್ಡ ಸಮಾಧಾನ ಅಂತ ನನಗೆ ಈಗ ಗೊತ್ತು.

ಐದಕ್ಕೆ ನಾಲ್ಕು ಸ್ಟಾರ್. ಕಟ್ ಮಾಡಿದ ಒಂದು ಸ್ಟಾರ್ ಎವಿಡೆನ್ಸ್ ಪಾಠ ತಡ ಮಾಡಿದ್ದಕ್ಕೆ ಮತ್ತೆ ಆ ಪ್ರಶ್ನಾವಳಿಗೆ. ನಾಲ್ಕೂ ಸ್ಟಾರ್ ಆ ಮೆಂಟರ್‌ಗೆ, ಅವ್ರ ಮುಖ ನಾನು ಇವತ್ತಿಗೂ ನೋಡಿಲ್ಲ.

ಬಿಸಿನೆಸ್ ಕಮ್ಯುನಿಕೇಶನ್‌ಗೆ ಹೊಸ ಪುರಾವೆ ಇದ್ರೆ ಮತ್ತೆ ಹಾಕ್ಬಹುದು ಅಂದ್ರು, ನಾನು ಬೇಡ ಅಂತ ಕ್ಲಾಸಿಗೇ ಸೇರ್ಕೊಂಡೆ. ಹೋದ ವಾರ ಮೊದಲ ಅಸೈನ್‌ಮೆಂಟ್ ಬಂತು, ಒಂದು ತೊಂದರೆಯನ್ನ ಮೇಲಧಿಕಾರಿಗೆ ಒಂದು ಪೇಜಲ್ಲಿ, ಕೆಲಸಗಾರರಿಗೆ ಇನ್ನೊಂದು ಪೇಜಲ್ಲಿ ಬರೀಬೇಕು. ನಾನು ಆರಿಸ್ಕೊಂಡಿದ್ದು ರಿಜಿಸ್ಟರ್ ಸುಳ್ಳು ಹೇಳಿದ ಆ ವರ್ಷಾನ. ಮೇಲಧಿಕಾರಿಯ ಪೇಜ್ ಆಗಿದೆ, ಕೆಲಸಗಾರರದ್ದು ಇವತ್ತು ರಾತ್ರಿ ಬರೀಬೇಕು.